ಜ್ವರ ಬಂದ ಮಗುವಿಗೆ ಮದ್ರಸಕ್ಕೆ ರಜೆ ಕೊಡಿ

ಮಳೆಗಾಲ ಮುಗಿಯುವ ಹೊತ್ತಿಗೆ ಭಟ್ಕಳ, ಹೊನ್ನಾವರ, ಕುಮಟಾದ ಯಾವ ಮದ್ರಸಕ್ಕೆ ಹೋದರೂ ಓದುವ ಸ್ವರದ ಜೊತೆ ಕೆಮ್ಮಿನ ಸದ್ದೂ ಕೇಳುತ್ತದೆ. "ಉಸ್ತಾದರೇ, ಮೈ ಸ್ವಲ್ಪ ಬೆಚ್ಚಗಿದೆ ಅಷ್ಟೆ, ಪಾಠ ತಪ್ಪಬಾರದಲ್ಲಾ" ಎಂದು ಉಮ್ಮಂದಿರು ಮಗುವನ್ನು ಕಳಿಸಿಬಿಡುತ್ತಾರೆ. ಕಾಳಜಿ ಒಳ್ಳೆಯದೇ. ಆದರೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವಲ್ಲಿ ಒಬ್ಬನ ಫ್ಲೂ ಎಷ್ಟೋ ಮನೆಗಳಿಗೆ ಹೋಗುತ್ತದೆ. ಮಾತ್ರೆ ಕೊಡದೆಯೇ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಕಳಿಸಿ. ತಪ್ಪಿದ ಪಾಠ ಹೇಳಿಕೊಡುವುದು ನಮ್ಮ ಕೆಲಸ.

ಮಕ್ಕಳು ಹೆಚ್ಚಾಗಿ ವಾರದೊಳಗೆ ಎದ್ದು ಓಡಾಡುತ್ತಾರೆ. ಕಷ್ಟವಾಗುವುದು ಶುಗರ್ ಇರುವ ಅಜ್ಜಿಗೆ, ಬಸುರಿಗೆ, ತೊಟ್ಟಿಲ ಕೂಸಿಗೆ, ದಮ್ಮಿನವರಿಗೆ. 2023ರ ಮಾರ್ಚ್ 1ರಂದು ಹಾಸನ ಜಿಲ್ಲೆಯಲ್ಲಿ ಎಚ್‌3ಎನ್‌2 ಫ್ಲೂನಿಂದ ತೀರಿಕೊಂಡವರು 82 ವರ್ಷದ ಹಿರಿಯರು; ಅವರಿಗೆ ಶುಗರ್, ಬಿಪಿ ಎರಡೂ ಇತ್ತು.

ಜೀರಿಗೆ ಕಷಾಯ, ಗಂಜಿ, ವಿಶ್ರಾಂತಿ ಎಲ್ಲ ಸರಿ, ಗಂಟಲಿಗೆ ಹಿತ. ಆದರೆ ಮೆಡಿಕಲ್‌ನಿಂದ ತಾವೇ ಆಂಟಿಬಯೋಟಿಕ್ ತಂದು ನುಂಗುವ ಚಾಳಿ ಬಿಡಬೇಕು. ಅದು ವೈರಸ್‌ಗೆ ತಾಗುವುದೇ ಇಲ್ಲ. ಫ್ಲೂಗೆ ಬೇರೆ ಔಷಧಿ ಇದೆ, ಆದರೆ ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಗುಣ. ಆದ್ದರಿಂದ ಹಿರಿಯರನ್ನೂ ಬಸುರಿಯರನ್ನೂ "ನಾಳೆ ನೋಡೋಣ" ಎಂದು ಕೂರಿಸಬೇಡಿ. ಏದುಸಿರು, ಎದೆನೋವು, ಮಾತು ತೊದಲುವುದು, ಕೂಸು ಹಾಲು ಬಿಡುವುದು ಕಂಡರೆ ಕೂಡಲೇ ತಾಲೂಕು ಆಸ್ಪತ್ರೆಗೆ ಹೋಗಿ. ಭಟ್ಕಳದಿಂದ ಮಣಿಪಾಲಕ್ಕೇ ಸುಮಾರು 90 ಕಿ.ಮೀ., ಕುಮಟಾದವರಿಗೆ ಇನ್ನೂ ದೂರ. ದೊಡ್ಡ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಕೂಗುತ್ತಲೇ ಇದ್ದಾರೆ. ಅದು ಬರುವ ತನಕ ನಾವೇ ಬೇಗ ಹೊರಡಬೇಕಷ್ಟೆ.

ನೆಗಡಿ-ಜ್ವರ ಇರುವವರು ಜುಮಾಕ್ಕೆ ಬಂದು ಸಾಲಿನುದ್ದಕ್ಕೂ ಕೈ ಕೊಡುವುದು ಬೇಡ. ಕಾಯಿಲೆಯವರಿಗೆ ಜುಮಾ ಕಡ್ಡಾಯವಲ್ಲ, ಮನೆಯಲ್ಲೇ ಲುಹರ್ ನಮಾಝ್ ಮಾಡಬಹುದು. ಸೀನುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯುವುದಂತೂ ಸುನ್ನತ್. ಮನೆಯಲ್ಲಿ ಕಿಟಕಿ ತೆರೆದಿಡಿ, ರೋಗಿಯ ಲೋಟ, ಟವೆಲ್ ಬೇರೆ ಇರಲಿ.

ಫ್ಲೂ ಲಸಿಕೆ ವರ್ಷಕ್ಕೊಮ್ಮೆ ಬೇಕು, ಏಕೆಂದರೆ ವೈರಸ್ ರೂಪ ಬದಲಿಸುತ್ತಿರುತ್ತದೆ. ಮೈಗೆ ಹಿಡಿಯಲು ಎರಡು ವಾರ ಬೇಕು, ಹಾಗಾಗಿ ಸೀಸನ್‌ಗೆ ಮೊದಲೇ ಹಾಕಿಸಿ. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಹಾಕುವುದಿಲ್ಲ. ಬಸುರಿ ತಾಯಿ ಹಾಕಿಸಿಕೊಂಡರೆ ಅದರ ರಕ್ಷೆ ಮಗುವಿಗೂ ಸಿಗುತ್ತದೆ. ಮಕ್ಕಳ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ, ದುಡ್ಡು ಕೊಡಬೇಕು. ಮನೆಯವರೆಲ್ಲರಿಗೂ ಆಗದಿದ್ದರೆ ಮೊದಲು ಅಜ್ಜ-ಅಜ್ಜಿಗೆ, ಬಸುರಿಗೆ ಹಾಕಿಸಿ.