ವಸಂತಾರಂಭದಲ್ಲಿ ಮೀನು ಎಲ್ಲಿರುತ್ತದೆ?

ಏಪ್ರಿಲ್ ತಿಂಗಳು. ಅಮೆರಿಕದ ಮಿನ್ನೆಸೋಟದಲ್ಲಿ ಸರೋವರಗಳ ಮಂಜುಗಡ್ಡೆ ಈಗತಾನೆ ಕರಗಿದೆ. ಉದ್ಯೋಗನಿಮಿತ್ತ ಅಲ್ಲಿಗೆ ಹೋದ ಪ್ರವಾಸಿಗೆ ಸಂಜೆ ಒಂದು ಗಂಟೆ ಬಿಡುವಿದೆ, ಕೈಯಲ್ಲಿ ಗಾಳವಿದೆ. ಅಪರಿಚಿತವಾದ ಆ ನೀರಿನಲ್ಲಿ ಮೀನನ್ನು ಎಲ್ಲಿ ಅರಸಬೇಕು?

ನೀರು 4 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಅತ್ಯಂತ ಸಾಂದ್ರವಾಗಿರುವುದೆಂಬುದನ್ನು ವಾಚಕರು ಬಲ್ಲರು. ಅದಕ್ಕಿಂತ ತಣ್ಣನೆಯ ಮೇಲ್ನೀರು ಬಿಸಿಲಿಗೆ ಕಾದು ಆ ಉಷ್ಣತೆಯನ್ನು ಮುಟ್ಟಿದೊಡನೆ ಕೆಳಕ್ಕಿಳಿಯುತ್ತದೆ. ಆಳವಾದ ಮಡುವು ಬೇಗನೆ ಬೆಚ್ಚಗಾಗದು. ಆಳವಿಲ್ಲದ ಕೊಲ್ಲಿಯಲ್ಲಾದರೋ ಅಷ್ಟೇ ಬಿಸಿಲು ಸ್ವಲ್ಪವೇ ನೀರನ್ನು ಕಾಯಿಸುತ್ತದೆ. ಸೂರ್ಯನು ದಕ್ಷಿಣಕ್ಕೆ ಓರೆಯಾಗಿರುವುದರಿಂದ, ಮರಗಳ ನೆರಳು ಬೀಳದ ಉತ್ತರ ದಡವೇ ಮೊದಲು ಬೆಚ್ಚಗಾಗುತ್ತದೆ. ಮೀನಿನ ಮೈಶಾಖ ನೀರಿನ ಶಾಖವನ್ನೇ ಅನುಸರಿಸುತ್ತದೆ. ಆದುದರಿಂದ ಸನ್‌ಫಿಶ್, ಕ್ರಾಪಿ ಮೀನುಗಳು ಆಹಾರವನ್ನರಸಿ ಅಲ್ಲಿಗೇ ಬರುತ್ತವೆ.

ವಾಲ್‌ಐ ಮೀನಿಗೆ ಅದು ಮೊಟ್ಟೆಯಿಡುವ ಕಾಲ. ಒಳನಾಡಿನ ಸರೋವರಗಳಲ್ಲಿ ಆಗ ಅದನ್ನು ಹಿಡಿಯುವುದು ನಿಷಿದ್ಧ. ಗಾಳವನ್ನು ಹಾಕುವ ಮುನ್ನ ಪ್ರವಾಸಿಯು ಈ ನಿಯಮವನ್ನೂ ತಿಳಿದಿರಬೇಕು.