ಹಿಮಾಲಯದ ದಾರಿಯಲ್ಲಿ ನಮ್ಮನ್ನು ನಡೆಸುವವರು

ಬೇಸಗೆಯ ರಜೆ ಸಮೀಪಿಸಿತೆಂದರೆ ಮುಂಬಯಿಯ ವೃತ್ತಪತ್ರಿಕೆಗಳಲ್ಲಿ ಹಿಮಶಿಖರಗಳ ಚಿತ್ರಗಳು ತುಂಬಿಕೊಳ್ಳುತ್ತವೆ. 'ಏಳು ರಾತ್ರಿ, ಎಂಟು ಹಗಲು. ಊಟ, ವಸತಿ, ವಾಹನ ಸಹಿತ' ಎಂಬ ಒಕ್ಕಣೆಯನ್ನು ನೀವೆಲ್ಲರೂ ಓದಿಯೇ ಇರುತ್ತೀರಿ. ದಾದರಿನ ಒಂದು ಸಣ್ಣ ಕೋಣೆಯಲ್ಲಿ ಕುಳಿತು ಪ್ರವಾಸವನ್ನು ಮಾರುವ ಏಜೆಂಟನು ಮನಾಲಿಯಲ್ಲಿ ನಮಗೆ ಬಿಸಿನೀರು ಕಾಯಿಸಿಡುವುದು ಹೇಗೆ? ಅವನು ಕಾಯಿಸುವುದಿಲ್ಲ. ಅವನ ಪರವಾಗಿ ಅಲ್ಲಿ ಇನ್ನೊಬ್ಬನಿರುತ್ತಾನೆ. ವ್ಯಾಪಾರದವರು ಅವನನ್ನು 'ಗ್ರೌಂಡ್ ಹ್ಯಾಂಡ್ಲರ್' ಎನ್ನುತ್ತಾರೆ. ನಾವು ಸ್ಥಳೀಯ ವ್ಯವಸ್ಥಾಪಕನೆಂದು ಕರೆಯೋಣ. ಜಾಹೀರಾತಿನಲ್ಲಿ ಅವನ ಹೆಸರು ಇರುವುದಿಲ್ಲ. ಪ್ರವಾಸ ಮುಗಿಸಿ ಬಂದವರಲ್ಲಿಯೂ ಎಷ್ಟೋ ಮಂದಿಗೆ ಅವನೊಬ್ಬನಿದ್ದನೆಂಬುದೇ ತಿಳಿದಿರುವುದಿಲ್ಲ.

ಅವನ ಕೆಲಸ ಪ್ರವಾಸಿಗಳು ಹೊರಡುವುದಕ್ಕೆ ತಿಂಗಳುಗಳ ಮುಂಚೆಯೇ ಆರಂಭವಾಗುತ್ತದೆ. ಮೇ, ಜೂನ್ ತಿಂಗಳುಗಳಿಗಾಗಿ ಹೋಟೆಲುಗಳಿಗೆ ಮುಂಗಡ ಕೊಟ್ಟು ಕೋಣೆಗಳನ್ನು ಹಿಡಿದಿಡಬೇಕು, ಬೆಟ್ಟದ ರಸ್ತೆಯಲ್ಲಿ ಪಳಗಿದ ಚಾಲಕರನ್ನು ಗೊತ್ತುಮಾಡಬೇಕು, ಪರವಾನಗಿಗಳನ್ನು ದೊರಕಿಸಬೇಕು. ಮನಾಲಿಯ ಮೇಲಿನ ರೋಹ್ತಾಂಗ್ ಕಣಿವೆ 3978 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಹಿಮವು ಹೊಗೆಯಿಂದ ಕಪ್ಪಾಗುತ್ತಿರುವುದನ್ನು ಕಂಡು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಪ್ರವಾಸಿ ವಾಹನಗಳಿಗೆ ಮಿತಿಯನ್ನು ವಿಧಿಸಿತು: ದಿನವೊಂದಕ್ಕೆ ಪೆಟ್ರೋಲಿನವು 800, ಡೀಸೆಲಿನವು 400. ಈ ಸಂಖ್ಯೆಯೊಳಗೆ ನಮ್ಮ ಗಾಡಿಯನ್ನು ಸೇರಿಸುವವನು ಅವನೇ. ಇಷ್ಟಕ್ಕೆಲ್ಲ ತನ್ನ ದರವನ್ನು ಅವನು ನಗರದ ಏಜೆಂಟನಿಗೆ ತಿಳಿಸುತ್ತಾನೆ. ಅದರ ಮೇಲೆ ತನ್ನ ಲಾಭವನ್ನು ಸೇರಿಸಿ ಏಜೆಂಟನು ನಮಗೆ ಮಾರುತ್ತಾನೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಏಜೆಂಟನು ದರವನ್ನು ಹಿಂಡಿದಷ್ಟೂ ವ್ಯವಸ್ಥಾಪಕನು ಬೇರೆಲ್ಲಿಯೋ ಕಡಿತ ಮಾಡಲೇಬೇಕು. ಚಂಡೀಗಢದಿಂದ ಮನಾಲಿಗೆ ಮುನ್ನೂರು ಕಿಲೋಮೀಟರಿಗೆ ಸಮೀಪದ ದಾರಿ. ಹಿಂದಿನ ರಾತ್ರಿಯಷ್ಟೇ ಆ ದಾರಿಯನ್ನು ಇಳಿದು ಬಂದ ಚಾಲಕನನ್ನು ನಿದ್ದೆಯಿಲ್ಲದೆ ಮತ್ತೆ ಹತ್ತಿಸುವುದುಂಟು. ಅಗ್ಗದ ಪ್ರವಾಸದ ಬೆಲೆಯನ್ನು ತೆರುವವರು ಹೀಗೆ ಬೇರೆಯವರೇ ಆಗುತ್ತಾರೆ. ಕೆಲವೊಮ್ಮೆ ನಾವೇ ಆಗುತ್ತೇವೆ.

ಅದನ್ನು ನಾವು 2022ರ ಜೂನ್ ತಿಂಗಳಿನಲ್ಲಿ ಕಲಿತೆವು. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಕೂಡಿ ಮನಾಲಿಯಿಂದ ಲೇಹಕ್ಕೆ ಹೊರಟಿದ್ದೆವು. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದಂದಿನಿಂದ ಈ ದಾರಿ 46 ಕಿಲೋಮೀಟರಿನಷ್ಟು ಕಡಿಮೆಯಾಗಿದೆ; ಒಂಬತ್ತು ಕಿಲೋಮೀಟರ್ ಉದ್ದದ ಆ ಸುರಂಗವನ್ನು ಹೊಕ್ಕು ಹೊರಬಂದರೆ ಲಾಹೌಲಿನ ಬೋಳು ಬೆಟ್ಟಗಳು ಎದುರಾಗುತ್ತವೆ. ನಮ್ಮ ಪ್ರವಾಸವನ್ನು ಏರ್ಪಡಿಸಿದ ನಗರದ ಕಚೇರಿಯ ಹೆಸರು ಇಲ್ಲಿ ಬೇಡ. ಅವರು ನಕ್ಷೆಯನ್ನು ನೋಡಿ ದಾರಿಯನ್ನು ಎರಡಾಗಿ ಭಾಗಿಸಿ, ನಡುವೆ ಬಿದ್ದ ಸರ್ಚುವಿನಲ್ಲಿ ಮೊದಲ ರಾತ್ರಿಯ ತಂಗುದಾಣವನ್ನು ಗೊತ್ತುಮಾಡಿದ್ದರು. ಅಂಕಗಣಿತಕ್ಕೆ ಅದು ಸರಿ, ಶರೀರಕ್ಕೆ ಸರಿಯಲ್ಲ.

ಮನಾಲಿಯ ಎತ್ತರ ಸುಮಾರು 2050 ಮೀಟರ್. ಸರ್ಚುವಿನದು ಸುಮಾರು 4290. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. 3500 ಮೀಟರ್ ಎತ್ತರದ ಲೇಹದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕವು ಮುಂಬಯಿಯಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಅಲ್ಲಿ ನೀರು 88 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ, ಕುಕ್ಕರ್ ಇಲ್ಲದೆ ನಮ್ಮ ಅನ್ನವೂ ಬೇಗ ಬೇಯದು. ಶರೀರಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದೆಂದು ವೈದ್ಯರು ಹೇಳುತ್ತಾರೆ. ಹಗಲು ಎತ್ತರಕ್ಕೆ ಹೋಗಿಬರಬಹುದು. ಮುಖ್ಯವಾದುದು ಮಲಗುವ ಎತ್ತರ. ನಮ್ಮ ಚಾಲಕನು ಲಾಹೌಲಿನವನು. ಈ ಲೆಕ್ಕವನ್ನು ಅವನು ಪುಸ್ತಕದಲ್ಲಿ ಓದಿರಲಿಲ್ಲ; ಆದರೂ ಮನಾಲಿಯಲ್ಲಿಯೇ, "ಮಾಸ್ಟರ್‌ಜೀ, ಈ ರಾತ್ರಿ ಜಿಸ್ಪಾದಲ್ಲಿ ತಂಗೋಣ" ಎಂದನು. ಜಿಸ್ಪಾ 3200 ಮೀಟರಿನ ಸುಮಾರಿನಲ್ಲಿದೆ. ಸರ್ಚುವಿನ ಡೇರೆಗಳಿಗೆ ಹಣ ಕೊಟ್ಟಾಗಿತ್ತು. ಹಣ ನಷ್ಟವಾಗುವುದೆಂದು ನಾವು ಒಪ್ಪಲಿಲ್ಲ. ಜಿಸ್ಪಾದಲ್ಲಿ ಚಹಾ ಕುಡಿದು ಮುಂದಕ್ಕೆ ಹೋದೆವು.

ಆ ರಾತ್ರಿ ನಮ್ಮವರಲ್ಲೊಬ್ಬನಿಗೆ, ಆಗತಾನೆ ಕಾಲೇಜು ಸೇರಿದ್ದ ಹುಡುಗನಿಗೆ, ತಲೆನೋವು ಆರಂಭವಾಯಿತು, ಬಳಿಕ ವಾಂತಿ, ನಡುರಾತ್ರಿಯ ಹೊತ್ತಿಗೆ ನೆಟ್ಟಗೆ ನಡೆಯಲಾರದೆ ತೂರಾಡತೊಡಗಿದನು. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಕ್ಕೆ ಇಳಿಯುವುದು. ಆದರೆ ಸರ್ಚುವಿನಿಂದ ಇಳಿಯುವುದೆಲ್ಲಿಗೆ? ಹಿಂದಕ್ಕೆ ಹೋದರೆ 4890 ಮೀಟರಿನ ಬಾರಾಲಾಚಾ ಘಾಟಿ. ಮುಂದಕ್ಕೆ ಹೋದರೆ ಐದು ಸಾವಿರವನ್ನು ಮೀರಿದ ಲಾಚುಲುಂಗ್ ಘಾಟಿ. ಇಳಿಯಬೇಕಾದರೆ ಮೊದಲು ಏರಲೇಬೇಕು. ಅನುಭವಿಗಳು ಸರ್ಚುವಿನಲ್ಲಿ ಮೊದಲ ರಾತ್ರಿ ಕಳೆಯಲು ಅಂಜುವುದು ಇದಕ್ಕಾಗಿಯೇ. ದೂರವಾಣಿಯ ಸಂಕೇತವೂ ಸಿಗಲಿಲ್ಲ. ಡೇರೆಯ ಮೇಲ್ವಿಚಾರಕನು ಆಮ್ಲಜನಕದ ಸಿಲಿಂಡರನ್ನು ತಂದು ಹುಡುಗನ ಮೂಗಿಗೆ ಹಿಡಿದನು. ಅದನ್ನು ಅಲ್ಲಿ ಇರಿಸಿದ್ದವನು ಮನಾಲಿಯ ವ್ಯವಸ್ಥಾಪಕ. ನಗರದ ಕಚೇರಿಯ ಪಟ್ಟಿಯಲ್ಲಿ ಅದರ ಮಾತೇ ಇರಲಿಲ್ಲ.

ನಸುಕಿನ ನಾಲ್ಕು ಗಂಟೆಗೆ ಚಾಲಕನು ಹೊರಟನು. ಸೂರ್ಯನ ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ವೇಳೆಗೆ ರಸ್ತೆಗೆ ಅಡ್ಡಲಾಗಿ ಹರಿಯುವ ತೊರೆಗಳು ಉಕ್ಕುತ್ತವೆ, ನಸುಕಿನಲ್ಲಿ ಅವು ಬಡವಾಗಿರುತ್ತವೆ ಎಂದು ಆಗ ಅವನಿಂದ ತಿಳಿದೆವು. ಸಿಲಿಂಡರಿನೊಂದಿಗೆ ಘಾಟಿಯನ್ನು ದಾಟಿ ಜಿಸ್ಪಾಕ್ಕೆ ಇಳಿದೊಡನೆ ದೂರವಾಣಿ ಸಿಕ್ಕಿತು. ನಗರದ ಕಚೇರಿಯಲ್ಲಿ ಯಾರೂ ಎತ್ತಲಿಲ್ಲ. ಮನಾಲಿಯ ವ್ಯವಸ್ಥಾಪಕನು ಮೊದಲ ಕರೆಗೇ ಎತ್ತಿದನು. ನಾವು ಕೇಲಾಂಗಿನ ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ಅಲ್ಲಿಗೆ ಸುದ್ದಿ ಹೋಗಿತ್ತು. ಸರ್ಚುವಿನಲ್ಲಿ ಉಳಿದವರನ್ನು ಕರೆತರಲು ಇನ್ನೊಂದು ಗಾಡಿಯೂ ಹೊರಟಿತ್ತು. ಎರಡು ದಿನಗಳಲ್ಲಿ ಹುಡುಗನು ಚೇತರಿಸಿಕೊಂಡನು. ಲೇಹವನ್ನು ನಾವು ನೋಡಲಿಲ್ಲ.

ಇಡೀ ಕಣಿವೆಗೇ ಆಪತ್ತು ಬಂದಾಗ ಈ ಜನರ ನೆಲದ ಪರಿಚಯವು ಇನ್ನೂ ಹೆಚ್ಚು ಬೆಲೆಬಾಳುತ್ತದೆ. 2023ರ ಜುಲೈ 9 ಮತ್ತು 10ರಂದು ಬಿಯಾಸ್ ನದಿ ಉಕ್ಕಿ ಕುಲ್ಲು–ಮನಾಲಿಯ ಹೆದ್ದಾರಿಯನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋಯಿತು. ಅದೇ ದಿನಗಳಲ್ಲಿ ಚಂದ್ರತಾಲ್ ಸರೋವರದ ಬಳಿಯ ಡೇರೆಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಹಿಮದ ನಡುವೆ ಸಿಕ್ಕಿಕೊಂಡರು. ಕುಂಜುಮ್ ಘಾಟಿಯ ಹಿಮವನ್ನು ತೆಗೆದು ಅವರನ್ನು ಹೊರತರಬೇಕಾಯಿತು. ಅಂತಹ ದಿನ ಯಾವ ರಸ್ತೆ ತೆರೆದಿದೆ, ಯಾವ ಹಳ್ಳಿಯಲ್ಲಿ ರಾತ್ರಿ ಕಳೆಯಬಹುದು ಎಂಬುದನ್ನು ದಾದರಿನ ಕೋಣೆಯಿಂದ ಹೇಳಲಾಗದು. ಇಂತಹ ವರ್ಷ ಸ್ಥಳೀಯರಿಗೆ ಆಗುವ ನಷ್ಟವನ್ನೂ ನೆನೆಯಬೇಕು. ಎತ್ತರದ ದಾರಿಯಲ್ಲಿ ದುಡಿಮೆಯ ಕಾಲ ನಾಲ್ಕೈದು ತಿಂಗಳು ಮಾತ್ರ. ಮುಂಗಡ ಕೊಟ್ಟ ಕೋಣೆಗಳು ಬರಿದಾದರೆ ಚಳಿಗಾಲವೆಲ್ಲ ಸಾಲದಲ್ಲಿ ಕಳೆಯಬೇಕು.

ಈ ಬೇಸಗೆಯ ಪ್ರವಾಸಕ್ಕಾಗಿ ನಾವು ಮೂವರು ಏಜೆಂಟರಿಗೆ ಪತ್ರ ಬರೆದೆವು. ದರವನ್ನು ಕೊನೆಯಲ್ಲಿ ಕೇಳಿದೆವು. ಮನಾಲಿಯಲ್ಲಿ ನಿಮ್ಮವರು ಯಾರು, ಚಾಲಕನಿಗೆ ವಿಶ್ರಾಂತಿಯ ರಾತ್ರಿ ಎಲ್ಲಿ, ನಾವು ಮಲಗುವ ಪ್ರತಿಯೊಂದು ಊರಿನ ಎತ್ತರವೆಷ್ಟು ಎಂದು ಮೊದಲು ಕೇಳಿದೆವು. ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು ಹಿಮಶಿಖರಗಳ ಬಣ್ಣದ ಚಿತ್ರಗಳನ್ನು ಕಳುಹಿಸಿದರು. ಮೂರನೆಯವರು ಮನಾಲಿಯ ಒಂದು ದೂರವಾಣಿ ಸಂಖ್ಯೆಯನ್ನು ಕೊಟ್ಟು, ಅಲ್ಲಿಯವರೊಡನೆ ನೀವೇ ಮಾತನಾಡಿರೆಂದರು. ಅವರ ದರ ಸ್ವಲ್ಪ ಹೆಚ್ಚು. ಮೊದಲ ರಾತ್ರಿ ಜಿಸ್ಪಾದಲ್ಲಿ.