ದಾದಿಗೊಬ್ಬ ಗುರು

ಮರಿಯಮ್ಮನಹಳ್ಳಿ ನಾಟಕದ ಊರು. ನಾಟಕದ ತಾಲೀಮು ನೋಡಿದವರಿಗೆ ಗೊತ್ತು: ಹಾರ್ಮೋನಿಯಂ ಹಿಡಿದ ಮೇಷ್ಟ್ರು ತಪ್ಪನ್ನು ಅಲ್ಲೇ ತಡೆದು, ಮತ್ತೆ ಹಾಡಿಸಿ ತಿದ್ದುತ್ತಾರೆ. ಆದರೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸರಿರಾತ್ರಿ ಒಬ್ಬಳೇ ಹೆರಿಗೆ ಮಾಡಿಸುವ ದಾದಿಗೆ ಇಂಥ ತಾಲೀಮು ಎಲ್ಲಿ?

ಹೆರಿಗೆಯ ನಂತರ ಗರ್ಭಕೋಶ ಬಿಗಿಯಾಗಿ ಕುಗ್ಗದಿದ್ದರೆ ತಾಯಿಗೆ ವಿಪರೀತ ರಕ್ತಸ್ರಾವವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಸಂಚಕಾರ. ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟರೆ ಈ ಅಪಾಯ ಬಹಳಷ್ಟು ತಗ್ಗುತ್ತದೆ. ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಕಪಾಟಿನಲ್ಲೇ ಉಳಿದರೆ ಅದರ ಶಕ್ತಿ ಕುಂದುತ್ತದೆ. ಇದೆಲ್ಲ ದಾದಿ ಓದಿದ ಪಾಠವೇ. ಆದರೆ ಅಪರೂಪಕ್ಕೆ ಎದುರಾಗುವ ಗಂಡಾಂತರದಲ್ಲಿ ಕೈ ಓಡಬೇಕಲ್ಲ!

ಈ ಕೊರತೆ ನೀಗಲೆಂದು ಹುಟ್ಟಿದ್ದೇ ಕ್ಲಿನಿಕಲ್ ಸೂಪರ್‌ವಿಷನ್. ಮೇಲ್ವಿಚಾರಣೆ ಎಂದೊಡನೆ ನಮಗೆ ನೆನಪಾಗುವುದು ರಿಜಿಸ್ಟರ್ ತಿರುವಿ, ಗದರಿಸಿ, ಜೀಪು ಹತ್ತುವ ಅಧಿಕಾರಿ. ಇದು ಹಾಗಲ್ಲ. ಅನುಭವಿ ದಾದಿಯೊಬ್ಬರು ಕಿರಿಯ ದಾದಿಯ ಪಕ್ಕದಲ್ಲೇ ಕುಳಿತು ಕೆಲಸ ತಿದ್ದುತ್ತಾರೆ. ಕೆಟ್ಟ ರಾತ್ರಿಯೊಂದರ ಸಂಕಟವನ್ನೂ ಕೇಳಿಸಿಕೊಳ್ಳುತ್ತಾರೆ. ಈ ಎರಡನೆಯದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ತಪ್ಪು ಹೇಳಿಕೊಳ್ಳಲು ಹೆದರುವ ದಾದಿ ಅದನ್ನು ಮುಚ್ಚಿಡುತ್ತಾಳೆ. ನಷ್ಟ ಮುಂದಿನ ರೋಗಿಗೆ.

ವಿದ್ಯಾರ್ಥಿ ಮಿತ್ರರೇ, ಇದರ ಪರೀಕ್ಷೆ ನಮ್ಮ ನಾಡಿನಲ್ಲೇ ನಡೆದಿದೆ. ಮರಿಯಮ್ಮನಹಳ್ಳಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದ ಕಾಲ (ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ). ‘ಸುಕ್ಷೇಮ’ ಯೋಜನೆಯವರು ಬಳ್ಳಾರಿ, ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರಿಸಿ, 54ಕ್ಕೆ ಮಾತ್ರ ಮಾರ್ಗದರ್ಶಕ ದಾದಿಯರನ್ನು ಕಳಿಸಿದರು. ಅವರು ಒಂದು ವರ್ಷದ ಅವಧಿಯಲ್ಲಿ ಮತ್ತೆ ಮತ್ತೆ ಬಂದು, ಹೆರಿಗೆಯ ದಾಖಲೆಯನ್ನು ದಾದಿಯೊಡನೆ ಕೂಡಿ ಓದಿದರು, ಮದ್ದು-ಸಲಕರಣೆ ನೋಡಿದರು, ಕೈಹಿಡಿದು ಕಲಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಉಳಿದ ಕೇಂದ್ರಗಳಿಗಿಂತ ಈ ಕೇಂದ್ರಗಳಲ್ಲಿ ದಾದಿಯರ ತಿಳಿವಳಿಕೆಯೂ ಕೇಂದ್ರದ ಸಿದ್ಧತೆಯೂ ಚೆನ್ನಾಗಿದ್ದವು.

ಹಾಗಾದರೆ ಸಾವು ತಪ್ಪಿತೇ? ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಇಂಥದೇ ಇನ್ನೊಂದು ದೊಡ್ಡ ಪ್ರಯೋಗ ನಡೆಯಿತು. 2017ರಲ್ಲಿ ಹೊರಬಂದ ಅದರ ವರದಿ ನಿಷ್ಠುರವಾಗಿದೆ: ತರಬೇತುದಾರರು ಬಂದಲ್ಲಿ ದಾದಿಯರ ಕೆಲಸ ಸುಧಾರಿಸಿತು, ಅವರು ಬರುವುದು ನಿಂತಮೇಲೆ ಆ ಸುಧಾರಣೆ ಕೊಂಚ ಇಳಿಯಿತು, ತಾಯಿ-ಮಕ್ಕಳ ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ದಾದಿ ಅಪಾಯವನ್ನು ಹೊತ್ತಿಗೆ ಸರಿಯಾಗಿ ಗುರುತಿಸಬಲ್ಲಳು. ಆದರೆ ಬಾಣಂತಿಯನ್ನು ಹೊಸಪೇಟೆಗೋ ಬಳ್ಳಾರಿಗೋ ಸಾಗಿಸಲು ವಾಹನ ಬೇಕು. ಅಲ್ಲಿ ರಕ್ತ ಸಿಗಬೇಕು, ಶಸ್ತ್ರಚಿಕಿತ್ಸೆಗೆ ವೈದ್ಯರು ಇರಬೇಕು.